ಚಿಕ್ಕಯ್ಯ ವೀಳ್ಯ ಹಿಡಿದು ಸಾಗರಕ್ಕೆ ಹೊರಟದ್ದು

ನಮ್ಮ ಚಿಕ್ಕಯ್ಯನನ್ನು ಹುಡುಕುವುದು ಬಹಳ ಸುಲಭ. ಎಲ್ಲಿಗೆ ಹೋಗುತ್ತೇನೆಂದು ಹೇಳಿ ಹೊರಟಿರುತ್ತಾರೋ ಅದೊಂದು ಜಾಗ ಬಿಟ್ಟು ಉಳಿದ ಕಡೆಯೆಲ್ಲ ನೋಡಿದರಾಯಿತು!

ತೀರ್ಥಹಳ್ಳಿಯಲ್ಲಿ ಆಗ ನಮ್ಮದೊಂದು ಅಕ್ಕಿ ಗಿರಣಿ ಇತ್ತು. ಅಪ್ಪಯ್ಯ ಅದರ ಯಜಮಾನರು, ಚಿಕ್ಕಯ್ಯ ಅವರಿಗೆ ಒಬ್ಬನೇ ತಮ್ಮ. ಅಪ್ಪಯ್ಯ ಗಿರಣಿಯ ಬೆಲ್ಟಿನ ಹಾಗೆ, ಒಂದೇ ದಾರಿಯಲ್ಲಿ ತಿರುಗುವವರು. ಚಿಕ್ಕಯ್ಯ ಅಲ್ಲಿ ಹಾರುವ ತೌಡಿನ ಹಾಗೆ, ಗಾಳಿ ಕರೆದಲ್ಲಿಗೆ ಹೊರಡುವವರು. ಒಮ್ಮೆ ಹಬ್ಬದ ಬೆಳಿಗ್ಗೆ ಎದುರಿನ ಅಂಗಡಿಯಿಂದ ಒಂದು ತೆಂಗಿನಕಾಯಿ ತರಲು ಅವರನ್ನು ಕಳಿಸಿದರು. ಎದುರಿನ ಅಂಗಡಿ ಎಂದರೆ ಎದುರಿನದೇ; ನಮ್ಮ ಜಗಲಿಯಿಂದ ಕೂಗಿದರೆ ಅಂಗಡಿಯವನು ಓಗೊಡುತ್ತಿದ್ದ. ಚಿಕ್ಕಯ್ಯ ಮರಳಿದ್ದು ಮಧ್ಯಾಹ್ನ ಕಳೆದ ಮೇಲೆ, ಅಂಗಿಯೊಳಗೆ ಒಂದು ನಾಯಿಮರಿ ಇಟ್ಟುಕೊಂಡು.

"ಕಾಯಿ ಎಲ್ಲೋ?" ಎಂದು ಅಪ್ಪಯ್ಯ ಗುಡುಗಿದರು. ದೇವರ ಮುಂದೆ ಮಡಿಯುಟ್ಟು ಕೂತು ಅವರ ಕಾಲು ಜೋಮು ಹಿಡಿದಿತ್ತು.

"ಕಾಯಿ ಅಂಗಡಿಯಲ್ಲೇ ಇರ್ತದೆ ಅಣ್ಣ, ಅದೆಲ್ಲಿ ಓಡಿ ಹೋಗ್ತದೆ? ಈ ಮರಿ ನೋಡು, ಸೇತುವೆ ಕೆಳಗೆ ಒಂದೇ ಸಮ ಕೂಗ್ತಾ ಇತ್ತು!"

ಅಂಗಡಿಗೂ ಸೇತುವೆಗೂ ಎತ್ತಣ ಸಂಬಂಧ ಎಂದು ಕೇಳಬಾರದು. ಕೇಳಿದರೆ ಅವರು ಹೇಳುತ್ತಾರೆ! ಹೇಳುವುದರಲ್ಲೂ ಅದೇ ಕಾಲುದಾರಿ. ಕಾಡಿನಲ್ಲಿ ಹುಲಿ ಎದುರಾದ ಕಥೆಯನ್ನು ನಾನು ಅವರ ಬಾಯಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಹುಲಿಯನ್ನು ಮಾತ್ರ ಇನ್ನೂ ಕಂಡಿಲ್ಲ. ಕಥೆ ಹೊರಡುತ್ತದೆ, ಆ ದಿನ ಹಾಕಿದ್ದ ಚಪ್ಪಲಿಗೆ ತಿರುಗುತ್ತದೆ, ಚಪ್ಪಲಿ ಹೊಲಿದವನ ಮಗಳ ಮದುವೆಗೆ ಹೋಗುತ್ತದೆ, ಆ ಮದುವೆಯ ಸಾರಿನಲ್ಲಿ ಮುಳುಗಿ ಅಲ್ಲೇ ನಿಲ್ಲುತ್ತದೆ. "ಹುಲಿ ಎಂತ ಆಯ್ತು ಚಿಕ್ಕಯ್ಯ?" ಎಂದರೆ, "ಬಂತು, ಹೋಯ್ತು. ಹುಲಿಯಲ್ಲಿ ಹೇಳೋದು ಎಂಥದಿದೆ ಮಾರಾಯ?" ಎನ್ನುತ್ತಾರೆ.

ಇದೆಲ್ಲ ಈಗ ನೆನಪಾಗಲು ನನ್ನ ಮಗಳು ಕಾರಣ. ಮೊನ್ನೆ ಅವಳು ಕಂಪ್ಯೂಟರಿನಲ್ಲಿ ವಿಡಿಯೋ ಗೇಮ್ ಆಡುತ್ತಿದ್ದಳು. ಆ ಆಟದಲ್ಲಿ ಒಂದು ರಾಜ್ಯಕ್ಕೆ ಬೆಂಕಿ ಬಿದ್ದಿದೆ, ಇವಳ ವೀರ ಹೋಗಿ ಉಳಿಸಬೇಕು. ವೀರ ಏನು ಮಾಡುತ್ತಿದ್ದಾನೆ? ಹೊಳೆಯ ದಂಡೆಯಲ್ಲಿ ಕೂತು ಗಾಳ ಹಾಕುತ್ತಿದ್ದಾನೆ! ಅದಾದ ಮೇಲೆ ಯಾರದೋ ಕಳೆದುಹೋದ ಕೋಳಿ ಹುಡುಕಲು ಗುಡ್ಡ ಹತ್ತಿದ. ನಾನು ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತೆ. ಮೊದಲೇ ನಾನು ಚಿಂತೆಯ ಪ್ರಾಣಿ. ಬಸ್ಸು ತಪ್ಪೀತೆಂದು ಬೇಗ ಹೋಗಿ ನಿಲ್ಲುವವನು. ಬೇಗ ಹೋದದ್ದರಿಂದ ಹಿಂದಿನ ಬಸ್ಸನ್ನೇ ಹತ್ತಿಬಿಟ್ಟೆನೇನೋ ಎಂದು ದಾರಿಯುದ್ದಕ್ಕೂ ಬೆವರುವವನು.

"ಅಲ್ವೇ, ಅಲ್ಲಿ ಊರು ಉರೀತಾ ಇದೆ, ಇವನಿಗೆ ಕೋಳಿ ಬೇಕಾ?"

"ಅಪ್ಪಾ, ಇದು ಸೈಡ್ ಕ್ವೆಸ್ಟ್, ದಾರಿಬದಿಯ ಕೆಲಸ. ನಾವು ಹೋಗೋ ತನಕ ಊರು ಕಾಯುತ್ತೆ. ನೇರ ಹೋಗಿ ಮುಗಿಸಿದ್ರೆ ಆಟದಲ್ಲಿ ಏನು ಉಳೀತು?"

ಕಾಯುತ್ತದಂತೆ! ನಾನು ಎದ್ದು ಹೋಗಿ ನೀರು ಕುಡಿದೆ. ಆಟದ ಊರು ಕಾಯಬಹುದು, ಸಾಗರದವರು ಕಾಯಲಿಲ್ಲವಲ್ಲ!

ಎಂಬತ್ತರ ದಶಕದ ಕೊನೆಯ ಮಾತು. ಅಕ್ಕನಿಗೆ ಸಾಗರದ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗ ಒಳ್ಳೆಯವನು, ಸ್ಥಿತಿವಂತರ ಮನೆ, ಜಾತಕ ಹೇಳಿ ಮಾಡಿಸಿದ ಹಾಗೆ. ಅಕ್ಕ ಟೀಚರ್ ಟ್ರೈನಿಂಗ್ ಮುಗಿಸಿ ಕೆಲಸದ ಆರ್ಡರಿಗೆ ಕಾಯುತ್ತಿದ್ದಳು. "ಮನೆ ತುಂಬ ಜನ, ಕೈತುಂಬ ಕೆಲಸ ಇದೆ. ಸೊಸೆ ಮತ್ತೆ ಸ್ಕೂಲಿಗೆ ಹೋಗೋದು ಬೇಡ" ಎಂದು ಅವರು ನಗುನಗುತ್ತಲೇ ಹೇಳಿದ್ದರು. ಅಪ್ಪಯ್ಯನೂ ನಗುನಗುತ್ತ ಒಪ್ಪಿದ್ದರು. ಅಕ್ಕನನ್ನು ಯಾರೂ ಕೇಳಲಿಲ್ಲ. ನಾನಂತೂ ಮದುವೆಯ ದಿನ ಮಳೆ ಬಂದರೆ ಚಪ್ಪರದ ಗತಿ ಏನು ಎಂಬ ಚಿಂತೆಯಲ್ಲಿದ್ದೆ.

ಉಳಿದದ್ದು ಒಪ್ಪಿಗೆಯ ವೀಳ್ಯ ಮುಟ್ಟಿಸುವುದೊಂದೇ. ನಮ್ಮ ಮನೆತನದಲ್ಲಿ ಅದನ್ನು ಹುಡುಗಿಯ ಅಪ್ಪ ಒಯ್ಯುವಂತಿಲ್ಲ, ಚಿಕ್ಕಪ್ಪನೇ ಹೋಗಬೇಕು. ಮದುವೆಯಾಗದವರು ಅದನ್ನು ಕೈಯಲ್ಲಿ ಹಿಡಿಯುವಂತೆಯೂ ಇಲ್ಲ, ಹಾಗಾಗಿ ನಾನು ಲೆಕ್ಕಕ್ಕಿಲ್ಲ. ಸಾಗರದವರ ಮನೆಯ ಕಟ್ಟಳೆ ಇನ್ನೂ ಬಿಗಿ: ದೀಪ ಹಚ್ಚಿದ ಮೇಲೆ ಅವರು ವೀಳ್ಯ ಮುಟ್ಟುವುದಿಲ್ಲ. ಸೊರಬದ ಕಡೆಯಿಂದ ಇನ್ನೊಂದು ಸಂಬಂಧವೂ ಅವರ ಬಾಗಿಲಲ್ಲಿ ನಿಂತಿತ್ತು. "ಅಮಾವಾಸ್ಯೆಯ ಹಿಂದಿನ ದಿನ ದೀಪ ಹಚ್ಚುವುದರೊಳಗೆ ನಿಮ್ಮ ವೀಳ್ಯ ಬಂದರೆ ನಿಮ್ಮದು, ಇಲ್ಲದಿದ್ದರೆ ಅವರಿಗೆ ಮಾತು ಕೊಡುತ್ತೇವೆ" ಎಂದು ಹೇಳಿ ಕಳಿಸಿದ್ದರು.

ಇಷ್ಟು ದೊಡ್ಡ ಕೆಲಸ ಚಿಕ್ಕಯ್ಯನ ಕೈಗೆ! ಅಪ್ಪಯ್ಯ ನನ್ನನ್ನು ಗಿರಣಿಯ ಹಿಂದಕ್ಕೆ ಕರೆದುಕೊಂಡು ಹೋದರು. "ನೋಡು, ತೀರ್ಥಹಳ್ಳಿ ಬಿಟ್ಟರೆ ಹೊಸನಗರ, ಹೊಸನಗರ ಬಿಟ್ಟರೆ ಸಾಗರ. ನಡುವೆ ದೇವರೇ ಕರೆದರೂ ಅವನನ್ನ ಇಳಿಯಕ್ಕೆ ಬಿಡಬೇಡ. ಗೊತ್ತಾಯ್ತನಾ?"

ನಾನು ಪ್ರತಿಜ್ಞೆಯನ್ನೇ ಮಾಡಿದೆ. ಅವತ್ತು ಬೆಳಿಗ್ಗೆ ಮೊದಲ ಬಸ್ಸಿನಲ್ಲಿ ಚಿಕ್ಕಯ್ಯನನ್ನು ಕಿಟಕಿಯ ಕಡೆ ಕೂರಿಸಿ, ನಾನು ಹೊರಬದಿಯಲ್ಲಿ ಬೇಲಿಯಂತೆ ಕೂತೆ. ಅವರ ತೊಡೆಯ ಮೇಲೆ ವೀಳ್ಯದ ಹರಿವಾಣ, ಅದಕ್ಕೆ ಬಿಳಿ ಬಟ್ಟೆಯ ಮುಸುಕು.

ಹುಂಚದಲ್ಲಿ ಬಸ್ಸು ನಿಂತಾಗ ಒಬ್ಬರು ಅಜ್ಜಿ ದೊಡ್ಡ ಮೂಟೆಯೊಂದಿಗೆ ಇಳಿಯಲು ಒದ್ದಾಡುತ್ತಿದ್ದರು. "ಪಾಪ, ಇದೊಂದು ಕೆಳಗಿಟ್ಟು ಬಂದೆ" ಎಂದು ಚಿಕ್ಕಯ್ಯ ಎದ್ದರು. ಬೇಡ ಎನ್ನಲು ನನಗೇನು ಕಲ್ಲೆದೆಯೇ? ಕೆಳಗಿಟ್ಟರು. ಕೆಳಗಿಟ್ಟದ್ದನ್ನು ಮತ್ತೆ ಎತ್ತಿ ಹೆಗಲಿಗೇರಿಸಿ ಅಜ್ಜಿಯ ಹಿಂದೆ ಹೊರಟೇಬಿಟ್ಟರು. ನಾನು ಹರಿವಾಣ ಮುಟ್ಟುವಂತಿಲ್ಲ, ಬಸ್ಸಿನಲ್ಲಿ ಬಿಡುವಂತೆಯೂ ಇಲ್ಲ. "ಚಿಕ್ಕಯ್ಯಾ, ಹರಿವಾಣ!" ಎಂದು ಕೂಗಿದೆ. ಅವರು ಓಡಿ ಬಂದು ಹರಿವಾಣ ಎತ್ತಿಕೊಂಡು ಮತ್ತೆ ಇಳಿದರು. ಬಸ್ಸು ಎಷ್ಟು ಹೊತ್ತು ಕಾದೀತು?

"ಅಯ್ಯೋ, ನಿಮ್ಮ ಬಸ್ಸು ಹೋಯ್ತಲ್ಲ ಮಾರಾಯ್ರೇ!" ಎಂದರು ಅಜ್ಜಿ.

"ಹೋಗ್ಲಿ ಬಿಡಿ ಅಮ್ಮ. ಅದಕ್ಕೂ ಬೇರೆ ಕೆಲಸ ಎಂತ ಇದೆ?"

ಅಜ್ಜಿಯ ಮನೆಯಲ್ಲಿ ನೀರು ಕೇಳಿದೆವು. ನೀರಿಲ್ಲ, ಕೊಡ ಬಾವಿಗೆ ಬಿದ್ದಿದೆ! ಚಿಕ್ಕಯ್ಯನ ಮುಖ ಅರಳಿದ್ದನ್ನು ನಾನು ಕಣ್ಣಾರೆ ಕಂಡೆ. ಪಕ್ಕದ ಮನೆಯಿಂದ ಪಾತಾಳಗರಡಿ ತರಿಸಿದರು. ಬಾವಿಗೆ ಬಿದ್ದದ್ದನ್ನು ಎತ್ತುವ ಆ ಕೊಕ್ಕೆಗಳ ಗೊಂಚಲನ್ನು ಹಗ್ಗ ಕಟ್ಟಿ ಇಳಿಬಿಟ್ಟು, ಕಣ್ಣು ಮುಚ್ಚಿ ತಡಕಾಡತೊಡಗಿದರು. ಕೊಡ ಬಂತು. ಅಷ್ಟಕ್ಕೆ ಬಿಟ್ಟರೇ? ಇನ್ನೊಂದು ಸಲ ಬಿಟ್ಟರು, ತಳವಿಲ್ಲದ ಬಕೆಟ್ಟು ಬಂತು. ಮತ್ತೆ ಬಿಟ್ಟರು, ಸೌಟು ಬಂತು. ಅಕ್ಕಪಕ್ಕದವರು ಸೇರಿ ತಮ್ಮ ತಮ್ಮ ಕಳೆದ ವಸ್ತು ಹೇಳಿಕೊಳ್ಳತೊಡಗಿದರು. ಕೊನೆಗೆ ಕಪ್ಪುಗಟ್ಟಿದ ಹಿತ್ತಾಳೆಯ ಗಿಂಡಿಯೊಂದು ಮೇಲೆ ಬಂದಾಗ ಅಜ್ಜಿ ಅದನ್ನು ಕಿತ್ತುಕೊಂಡು ಎದೆಗವಚಿಕೊಂಡರು.

"ನಮ್ಮತ್ತೆದು! ಇದನ್ನ ನಾನೇ ಕದ್ದು ತವರಿಗೆ ಕಳಿಸಿದೆ ಅಂತ ಸಾಯೋ ತನಕ ಅಂತಿದ್ಲು ಮುದುಕಿ! ಈಗ ಬಾ, ನೋಡು ಬಾ!" ಎಂದು ಆಕಾಶಕ್ಕೆ ಗಿಂಡಿ ತೋರಿಸಿ ಬೈದರು. ಬೈದು ಅತ್ತರು. ಅತ್ತು ನಮಗೆಲ್ಲ ಪಾನಕ ಮಾಡಿದರು.

"ಚಿಕ್ಕಯ್ಯ, ಅಕ್ಕನ ಮದುವೆ!" ನಾನು ಕೈ ಮುಗಿದೆ.

"ಗೊತ್ತು ಮಾರಾಯ. ತಲೆಯಲ್ಲಿ ಅದೊಂದೇ ಇರೋದು" ಎಂದು ಅವರು ಪಾನಕದ ಲೋಟ ಮುಂದೆ ಹಿಡಿದರು, ಇನ್ನೊಂದು ಸಲ ತುಂಬಿಸಿಕೊಳ್ಳಲು.

ಮುಂದಿನ ಬಸ್ಸು ಹಿಡಿದು ಹೊಸನಗರ ಸೇರುವಾಗ ಮಧ್ಯಾಹ್ನ. ಇನ್ನೂ ಅವಕಾಶವಿತ್ತು. ಸಾಗರದ ಬಸ್ಸಿಗೆ ಸ್ವಲ್ಪ ಹೊತ್ತಿದೆ ಎಂದದ್ದೇ ತಡ, ಚಿಕ್ಕಯ್ಯ ಗಡ್ಡ ಸವರಿಕೊಂಡರು. "ವೀಳ್ಯ ಕೊಡೋವನು ಈ ಮುಖ ಹೊತ್ತು ಹೋಗೋದಾ? ಹುಡುಗಿಯ ಮನೇಲಿ ಸೂತಕ ಅಂದ್ಕೊಂಡಾರು!" ಮಾತಿನಲ್ಲಿ ಹುಳುಕಿಲ್ಲ. ಕ್ಷೌರದಂಗಡಿಗೆ ಹೋದೆವು. ನಾನು ಬಾಗಿಲಲ್ಲೇ ಅಡ್ಡ ನಿಂತೆ. ಒಂದು ಕೆನ್ನೆ ಮುಗಿದಿತ್ತು, ಎದುರಿನ ಮೈದಾನದಲ್ಲಿ ವಾಲಿಬಾಲ್ ಆಡುತ್ತಿದ್ದ ಹುಡುಗರೊಳಗೆ ಜಗಳ ಎದ್ದಿತು. ಚೆಂಡು ಗೆರೆಯ ಒಳಗೋ, ಹೊರಗೋ? ಚಿಕ್ಕಯ್ಯ ಇನ್ನೊಂದು ಕೆನ್ನೆಯ ಸೋಪಿನೊಂದಿಗೆ ನನ್ನ ಕಂಕುಳಡಿ ನುಸುಳಿ ಓಡಿದರು.

"ಗಲಾಟೆ ಮಾಡಬೇಡಿ! ನಾನು ಅಲ್ಲಿ ಕನ್ನಡಿಯಲ್ಲಿ ನೋಡಿದೀನಿ. ಒಳಗೆ!"

"ಕನ್ನಡಿಯಲ್ಲಿ ಎಡದ್ದು ಬಲ ಕಾಣ್ತದಲ್ಲ ಸ್ವಾಮಿ!" ಎಂದ ಸೋತ ಕಡೆಯವನು.

"ಹಂಗಾರೆ ಮೊದಲಿಂದ ಆಡಿ. ನಾನು ನಿಂತು ನೋಡ್ತೀನಿ."

ನಿಂತು ನೋಡಿದರು! ಹುಡುಗರು ಅವರಿಗೊಂದು ಸೀಟಿಯನ್ನೂ ಕೊಟ್ಟರು. "ಸಾಗರ, ಸಾಗರ" ಎಂದು ಕೂಗುತ್ತ ಬಸ್ಸು ಮೈದಾನದ ಪಕ್ಕದಲ್ಲೇ ಹೋಯಿತು. ನಾನು ಕೈ ಅಡ್ಡ ಹಿಡಿದು ಓಡಿದೆ. ಆ ಹೊತ್ತಿಗೆ ಸರಿಯಾಗಿ ಚಿಕ್ಕಯ್ಯ ಸೀಟಿ ಊದಿದರು. ಡ್ರೈವರ್ ಅದನ್ನು ರೈಟ್ ಎಂದುಕೊಂಡನೋ ಏನೋ, ಬಸ್ಸು ಇನ್ನಷ್ಟು ಜೋರಾಗಿ ಹೋಯಿತು.

ಉಳಿದ ಕೆನ್ನೆ ಮುಗಿಸಿ, ಅಂಗಡಿಯಲ್ಲಿಟ್ಟಿದ್ದ ಹರಿವಾಣ ಎತ್ತಿಕೊಂಡು ಅವರು ಬಂದ ಮೇಲೆ ಒಂದು ಲಾರಿ ಸಿಕ್ಕಿತು. ಹೆಂಚಿನ ರಾಶಿಯ ಮೇಲೆ ಕೂತು, ಚಿಕ್ಕಯ್ಯನ ತೋಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸಾಗರಕ್ಕೆ ಬಂದೆ. ನಂಬಿ, ಬಿಸಿಲು ಇನ್ನೂ ಇತ್ತು! ಪೇಟೆ ದಾಟಿದರೆ ಅವರ ಮನೆ. ನಾನು ಗೆದ್ದೆ ಎಂದುಕೊಂಡೆ. ಕೈ ಹಿಡಿದು ದರದರ ಎಳೆದುಕೊಂಡೇ ನಡೆದೆ, ಬಾಯಿಬಿಡಲೂ ಬಿಡಲಿಲ್ಲ. ಬೀದಿಯ ತಿರುವಿನಲ್ಲಿ ಅವರು ಹರಿವಾಣದ ಮುಸುಕು ಸರಿಸಿ, ಕಲ್ಲಿನಂತೆ ನಿಂತುಬಿಟ್ಟರು.

"ಎಲೆ ಬಾಡಿದೆ."

ನಿಜ. ಬಿಸಿಲಿಗೆ ವೀಳ್ಯದೆಲೆ ಜೋತು ಬಿದ್ದಿತ್ತು. ಬಾಡಿದ ಎಲೆ ಕೊಟ್ಟರೆ ಹುಡುಗಿಗೆ ಶ್ರೇಯಸ್ಸಲ್ಲ. ಇದಕ್ಕೆ ನಾನೇನು ಹೇಳಲಿ? ಮತ್ತೆ ಪೇಟೆಗೆ ಬಂದೆವು. ಎಲೆಯಂಗಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಚಿಕ್ಕಯ್ಯ ಒಂದೊಂದೇ ಎಲೆ ಎತ್ತಿ ಬೆಳಕಿಗೆ ಹಿಡಿದರು, ತೊಟ್ಟು ನೋಡಿದರು, ತುದಿ ನೋಡಿದರು. "ಸ್ವಾಮಿ, ನೀವು ಎಲೆ ತಗೊಳ್ಳೋಕೆ ಬಂದದ್ದಾ, ಹೆಣ್ಣು ನೋಡಕ್ಕಾ?" ಎಂದ ಅಂಗಡಿಯವನು. ಬೆಳಕು ಸಾಲದೆ ಅವನು ಲಾಟೀನು ಹಚ್ಚಿದಾಗ ನಾನು ಚಿಕ್ಕಯ್ಯನನ್ನು ರಟ್ಟೆ ಹಿಡಿದು ಎಬ್ಬಿಸಿದೆ.

ಸಾಗರದವರ ಜಗಲಿಯಲ್ಲೂ ದೀಪ ಉರಿಯುತ್ತಿತ್ತು. ಹುಡುಗನ ಅಪ್ಪ ಎದ್ದು ನಿಂತು ನಮ್ಮನ್ನು ಕರೆದರು. ಮರ್ಯಾದಸ್ತರು.

"ಬನ್ನಿ, ಬನ್ನಿ. ಬಹಳ ದಾರಿ ನೋಡಿದೆವು. ಈಗ ಸ್ವಲ್ಪ ಮುಂಚೆ ಸೊರಬದವರು ವೀಳ್ಯ ಕೊಟ್ಟು ಹೋದ್ರು. ಎಂತ ಮಾಡೋದು ಹೇಳಿ, ದೀಪ ಹಚ್ಚುವ ಹೊತ್ತಾಗಿತ್ತು."

ಚಿಕ್ಕಯ್ಯ ಹರಿವಾಣವನ್ನು ಮಡಿಲಿಗಿಟ್ಟುಕೊಂಡು, ಕೊಟ್ಟ ಕಾಫಿ ಪೂರ್ತಿ ಕುಡಿದು, "ಕಾಫಿ ಒಳ್ಳೇದಾಗಿದೆ" ಎಂದರು!

ಸಾಗರದಲ್ಲಿ ಪರಿಚಯದವರ ಮನೆಯಲ್ಲಿ ಉಳಿದು ಬೆಳಿಗ್ಗೆ ಬಸ್ಸು ಹತ್ತಿದೆವು. ನಾನು ಅವರೊಡನೆ ಮಾತು ಬಿಟ್ಟಿದ್ದೆ. ಹೊರಬದಿಯಲ್ಲಿ ಬೇಲಿಯಾಗಿ ಕೂರಲೂ ಇಲ್ಲ. ಇನ್ನು ಯಾವ ಗದ್ದೆ ಕಾಯಲಿಕ್ಕೆ? ಎಲ್ಲಿ ಬೇಕಾದರೂ ಇಳಿದು ಸಾಯಲಿ ಎಂದುಕೊಂಡೆ. ಚಿಕ್ಕಯ್ಯ ಇಳಿಯಲಿಲ್ಲ. ಹೊಸನಗರದಲ್ಲಿ ಬಸ್ಸು ಬದಲಿಸುವಾಗ ಯಾರೋ ಹೆಸರು ಹಿಡಿದು ಕರೆದರು, ತಿರುಗಿ ನೋಡಲಿಲ್ಲ. ಮುಂದೆ ರಸ್ತೆಯಲ್ಲಿ ಒಂದು ಎತ್ತಿನ ಗಾಡಿ ಕೆಸರಿನಲ್ಲಿ ಹೂತು ಊರಿಗೆ ಊರೇ ಎತ್ತುತ್ತಿತ್ತು. ಅಂಥಾ ಗಾಡಿ! ಅವರು ಕಿಟಕಿಯಿಂದ ಕತ್ತು ಕೂಡ ಹೊರಗೆ ಹಾಕಲಿಲ್ಲ. ತೀರ್ಥಹಳ್ಳಿಯಲ್ಲಿ ಇಳಿದವರು ನನಗೂ ಕಾಯದೆ ನಡೆದರು. ಆ ನಡಿಗೆಯನ್ನು ನಾನು ಅವರಲ್ಲಿ ಹಿಂದೆಂದೂ ಕಂಡಿರಲಿಲ್ಲ. ಹಿಂದಿನಿಂದ ಅಪ್ಪಯ್ಯನೇ ಎನ್ನಬೇಕು.

ಜಗಲಿಯಲ್ಲಿ ಅಪ್ಪಯ್ಯ ನಿಂತಿದ್ದರು. ಖಾಲಿಯಾಗದ ಹರಿವಾಣ ನೋಡಿದೊಡನೆ ಅವರಿಗೆ ತಿಳಿಯಿತು.

"ಹಾಳು ಮಾಡಿದೆಯಲ್ಲೋ! ಮನೆಯ ಮಗಳ ಬಾಳಿಗಿಂತ ಹೆಚ್ಚಾಯ್ತನೋ ನಿನಗೆ ದಾರೀಲಿ ಹೋಗೋರ ಕೆಲಸ?"

ಅಣ್ಣನಿಗೆ ಎದುರಾಡಿದವರಲ್ಲ ಚಿಕ್ಕಯ್ಯ, ಜನ್ಮದಲ್ಲಿ. ಹರಿವಾಣವನ್ನು ಜಗಲಿಯ ಮೇಲಿಟ್ಟು, ಅಪ್ಪಯ್ಯನನ್ನು ದಾಟಿ, ನಡುಮನೆ ದಾಟಿ, ಹಿತ್ತಿಲಿಗೆ ಹೋದರು. ನಾನು ಬೆನ್ನಿಗೇ ಹೋದೆ, ಅಕ್ಕನನ್ನು ಸಮಾಧಾನ ಮಾಡಬೇಕಿತ್ತು.

ಅಕ್ಕ ಮೊರದಲ್ಲಿ ನುಚ್ಚು ಕೇರುತ್ತಿದ್ದಳು. ನಮ್ಮನ್ನು ಕಂಡು ಕೈ ನಿಂತಿತು. ಅವಳ ಮುಖದಲ್ಲಿ ರಕ್ತವಿರಲಿಲ್ಲ.

"ಎಷ್ಟು ತಡ ಆಯ್ತು ಚಿಕ್ಕಯ್ಯ?" ಎಂದಳು, ಪಕ್ಕದಲ್ಲಿದ್ದ ನನಗೂ ಕಷ್ಟದಲ್ಲಿ ಕೇಳಿಸುವಷ್ಟು ಸಣ್ಣಗೆ.

"ಬೇಕಾದಷ್ಟು ಆಯ್ತು ಮಗಾ."

ಅಕ್ಕ ಮೊರ ಕೆಳಗಿಟ್ಟು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವಳ ಭುಜ ಅಲುಗುತ್ತಿತ್ತು, ಸೆರಗಿನೊಳಗಿಂದ ಕೇಳಿಸಿದ್ದು ನಗು. ಸಮಾಧಾನ ಹೇಳಲು ಬಂದವನು ನಾನು, ಬಾಯಿ ತೆರೆದುಕೊಂಡು ನಿಂತೆ. ಚಿಕ್ಕಯ್ಯ ಅವಳ ತಲೆಯ ಮೇಲೆ ಒಂದು ಗಳಿಗೆ ಕೈಯಿಟ್ಟರು. ಹೊರಗೆ ಅಪ್ಪಯ್ಯನ ದನಿ ಏರುತ್ತಲೇ ಇತ್ತು. ಅದನ್ನು ಕೇಳಿ ಚಿಕ್ಕಯ್ಯ ಹೆಗಲ ಮೇಲಿನ ಟವಲು ಸರಿಮಾಡಿಕೊಂಡರು. ಎಲ್ಲೂ ನಿಲ್ಲದೆ, ಅತ್ತಿತ್ತ ನೋಡದೆ, ಬೈಸಿಕೊಳ್ಳಲು ನೇರವಾಗಿ ಜಗಲಿಗೆ ನಡೆದರು.