ಹಲ್ಲು ಕೀಳುವ ಹೊತ್ತಿಗೆ ಒಂದು ನೆಗೆತ ಬೇಕೆಂದು ಕೋರಿ

ಪ್ರಾಂತೀಯ ಬ್ಯಾಲೆ ತಂಡದ ನೂತನ ಕಲಾ ನಿರ್ದೇಶಕರ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮ ತಾಲೀಮು ಕೋಣೆಯ ನೆಲವನ್ನೇ ಚಾವಣಿಯಾಗಿ ಪಡೆದ ದಂತವೈದ್ಯನ ಸಾಷ್ಟಾಂಗ ವಂದನೆಗಳು. ಕೆಳಗಿನ ಅಂತಸ್ತಿನವನು ಪತ್ರ ಬರೆದನೆಂದರೆ ಅದು ಗದ್ದಲದ ದೂರೇ ಇರಬೇಕೆಂದು ತಾವು ಭಾವಿಸುವುದು ಸಹಜ. ದಯವಿಟ್ಟು ಕ್ಷಮಿಸಬೇಕು, ನನ್ನ ದೂರು ಗದ್ದಲ ನಿಂತುಹೋಗಿರುವುದರ ಬಗ್ಗೆ.

ತಂಡ ಕಟ್ಟಿದ ಮೊದಲ ನಿರ್ದೇಶಕರಿಗೆ ನೆಗೆತವೆಂದರೆ ಪ್ರಾಣ. ಅವರ ಕಾಲದಲ್ಲಿ ರೋಗಿಗಳ ತೆರೆದ ಬಾಯಿಗೆ ಚಾವಣಿಯ ಗಾರೆ ಉದುರುತ್ತಿತ್ತು. ಜಗಳಕ್ಕೆಂದೇ ಮೆಟ್ಟಿಲು ಹತ್ತಿದ ನಾನು, ಬಾಗಿಲು ತೆರೆದ ನರ್ತಕಿಯನ್ನು ನೋಡಿ ಬಂದ ಕೆಲಸ ಮರೆತು, ಕೊನೆಗೆ ಅವಳನ್ನೇ ಮದುವೆಯಾದೆ. ಆಮೇಲೆ ಗಾರೆಯ ವಿಷಯ ಎತ್ತಲು ಬಾಯಿ ಬರಲಿಲ್ಲ. ಬದಲಿಗೆ ಒಂದು ಹದ ಕಲಿತೆ: ಪಿಯಾನೊದ ಸದ್ದು ಏರುತ್ತಾ ಹೋದಂತೆ ಇಕ್ಕಳ ಬಿಗಿಹಿಡಿದು, ಮೇಲೆ ಎಲ್ಲರೂ ಧೊಪ್ಪೆಂದು ಇಳಿಯುವ ಕ್ಷಣಕ್ಕೆ ಹಲ್ಲು ಕಿತ್ತರೆ, ರೋಗಿಯ ಕೂಗು ಹೊರಗೆ ಕಾಯುವವರಿಗೆ ಕೇಳಿಸುತ್ತಿರಲಿಲ್ಲ. ಎಷ್ಟೋ ಸಲ ರೋಗಿಗೇ ಕೇಳಿಸುತ್ತಿರಲಿಲ್ಲ.

ಎರಡನೆಯವರು ಬಂದು ಕಥೆಯನ್ನೂ ಪಾದರಕ್ಷೆಯನ್ನೂ ಕಳಚಿಸಿ ಎಲ್ಲರನ್ನೂ ನೆಲದ ಮೇಲೆ ಉರುಳಿಸಿದರು. ದಿನವಿಡೀ ಯಾರೋ ಬೀರು ಸರಿಸುತ್ತಿರುವಂಥ ಸದ್ದು. ಹಲ್ಲು ಶುಚಿಮಾಡುವುದಕ್ಕೆ ಹೇಳಿ ಮಾಡಿಸಿದಂತಿತ್ತು. ಮೂರನೆಯವರು ಪಿಯಾನೊ ಸಾಗಹಾಕಿ ತಗಡಿನ ಬಕೆಟ್ಟುಗಳನ್ನು ತರಿಸಿದರು. ಅವರ ಪ್ರದರ್ಶನಗಳನ್ನು ಸಭ್ಯ ಪ್ರೇಕ್ಷಕರು ಹಲ್ಲು ಕಚ್ಚಿಕೊಂಡು ಕೊನೆಯವರೆಗೂ ನೋಡಿದ್ದರಿಂದ, ಸವೆದ ದವಡೆಹಲ್ಲಿನವರು ನನ್ನಲ್ಲಿಗೆ ಸಾಲುಗಟ್ಟಿ ಬಂದರು. ಆ ಮಹನೀಯರ ಋಣ ನಾನು ತೀರಿಸಲಾರೆ.

ಈಗ ತಾವು. ಚಲನೆಯೆಂಬುದು ಬಿಡಬೇಕಾದ ಹಳೆಯ ಚಟವೆಂದು ತಾವು ಸಾರಿದ್ದನ್ನು ಪತ್ರಿಕೆಯಲ್ಲಿ ಭಕ್ತಿಯಿಂದ ಓದಿದೆ. ಅರಿವಳಿಕೆಯನ್ನೂ ಕೊಡದೆ ಬ್ಯಾಲೆಯಿಂದ ನೃತ್ಯವನ್ನು ಬೇರುಸಹಿತ ಕಿತ್ತ ತಮ್ಮ ಕೈಚಳಕಕ್ಕೆ ಕೀಳುವ ಕಸುಬಿನವನಾದ ನಾನು ತಲೆಬಾಗುತ್ತೇನೆ. ಆದರೆ ಮೇಲಿನ ಈ ಮೌನದಲ್ಲಿ ನನ್ನ ಯಂತ್ರದ ಕೊರೆತ ಬೀದಿಯವರೆಗೂ ಕೇಳುತ್ತಿದೆ. ಮೊನ್ನೆ ಬಂದ ಪೊಲೀಸ್ ಇನ್‌ಸ್ಪೆಕ್ಟರೊಬ್ಬರು, "ನೋವು ಹೋಯ್ತು ಡಾಕ್ಟ್ರೇ, ನಿಜವಾಗ್ಲೂ ಹೋಯ್ತು" ಎನ್ನುತ್ತಾ ಊದಿದ ಕೆನ್ನೆ ಹಿಡಿದುಕೊಂಡೇ ಓಟ ಕಿತ್ತರು.

ಅದನ್ನಾದರೂ ಸಹಿಸಿಯೇನು. ಅಷ್ಟೂ ಜನರ ನಡುವೆ ನನ್ನ ಹೆಂಡತಿಯ ಹೆಜ್ಜೆ ನನಗೆ ಗೊತ್ತಾಗುತ್ತದೆ. ಅವಳ ಎಡಗಾಲು ತುಸು ತಡವಾಗಿ ಇಳಿಯುತ್ತದೆ. ಆ ಸದ್ದು ಕೇಳಿಕೊಂಡೇ ಇಷ್ಟು ವರ್ಷ ಕೆಲಸ ಮಾಡಿದೆ. ತಾವು ಅವಳಿಗೆ ಪರ್ವತದ ಪಾತ್ರ ಕೊಟ್ಟು ಮೂಲೆಯಲ್ಲಿ ಕೂರಿಸಿದ್ದೀರಿ. "ಅಯ್ಯೋ ಬಿಡ್ರೀ, ಇನ್ನೊಂದೆರಡು ವರ್ಷಕ್ಕೆ ಈ ಮಂಡಿನೇ ಕೈಕೊಡತ್ತೆ. ಅಲ್ಲೀವರೆಗಾದ್ರೂ ಕುಣಿಯೋಣ ಅಂದ್ಕೊಂಡಿದ್ದೆ" ಎಂದು ನಿನ್ನೆ ತಟ್ಟೆಯ ಮುಂದೆ ಕೂತು ಅತ್ತಳು. ಆಗಲೇ ಈ ಪತ್ರ ಬರೆಯಲು ಕೂತೆ, ಮಾನ್ಯರೇ.

ಆದ್ದರಿಂದ, ಪರ್ವತಗಳಿಗೂ ಭೂಕಂಪವಾಗುವುದುಂಟು ಎಂಬ ಕಾರಣ ನೀಡಿಯಾದರೂ ಅವಳು ದಿನಕ್ಕೊಮ್ಮೆ ನೆಗೆಯಲು ಅಪ್ಪಣೆ ಕೊಡಬೇಕಾಗಿ, ಅದೂ ಆಗದಿದ್ದಲ್ಲಿ ತಮ್ಮ ಮೌನವನ್ನು ಇನ್ನು ಸ್ವಲ್ಪ ಜೋರಾಗಿ ಆಚರಿಸಬೇಕಾಗಿ ಬೇಡಿಕೊಳ್ಳುತ್ತೇನೆ.

ಸದಾ ತಮ್ಮ ಪಾದಗಳ ಕೆಳಗೇ ಇರುವ,
ತಮ್ಮ ವಿಶ್ವಾಸಿ,
ದಂತವೈದ್ಯ

ತಾ.ಕ.: ತಾವು ಕೇಳಿಕೊಂಡಂತೆ ತಮ್ಮ ಬುದ್ಧಿಹಲ್ಲು ಕೀಳುವುದು ಬರುವ ಮಂಗಳವಾರ ಬೆಳಗ್ಗೆ, ಮೇಲೆ ತಂಡವೆಲ್ಲ ಮೌನವಾಗಿ ಕೂತಿರುವ ಹೊತ್ತಿಗೇ ನಿಗದಿಯಾಗಿದೆ. ತಾವು ಹೇಗೆ ಕೂಗುತ್ತೀರೆಂದು ಕೇಳಲು ಎಲ್ಲರೂ ಮೈಯೆಲ್ಲ ಕಿವಿಯಾಗಿ ಕಾದಿದ್ದಾರಂತೆ. ಆ ಕ್ಷಣಕ್ಕೆ ಸರಿಯಾಗಿ ನೆಗೆಯಲು ನನ್ನ ಹೆಂಡತಿ ಒಬ್ಬಳು ಮಾತ್ರ ಒಪ್ಪಿದ್ದಾಳೆ. ತಮ್ಮ ಅಪ್ಪಣೆಯೊಂದೇ ಬಾಕಿ.