ಬಸ್ಸಿನಲ್ಲಿ ಗಟ್ಟಿಯಾಗಿ ಓದಬಹುದಾದದ್ದು

ಪಾಠ ಹೇಳುವವರಿಗೆ ಒಂದು ದೊಡ್ಡ ಅನುಕೂಲವಿದೆ: ಹೇಳಿದ್ದನ್ನು ಮಾಡಿ ತೋರಿಸಿ ಎಂದು ಯಾರೂ ಕೇಳುವುದಿಲ್ಲ. ನಾನು ಗುಂಡ್ಲುಪೇಟೆಯ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ಅಭಿವ್ಯಕ್ತಿ ಸ್ವಾತಂತ್ರ್ಯ ಎಲ್ಲಿ ಮುಗಿಯುತ್ತದೆ, ದ್ವೇಷದ ಮಾತು ಎಲ್ಲಿ ಶುರುವಾಗುತ್ತದೆ ಎಂಬುದನ್ನು ಬೋರ್ಡಿನ ಮೇಲೆ ಒಂದು ಗೆರೆ ಎಳೆದು ವರ್ಷಗಟ್ಟಲೆ ತೋರಿಸಿದ್ದೇನೆ. ಗೆರೆ ಯಾವಾಗಲೂ ನೆಟ್ಟಗೇ ಬಂದಿದೆ. ಹೀಗಾಗಿ ಚಾಮರಾಜನಗರದಿಂದ ಗುಂಡ್ಲುಪೇಟೆಗೆ ದಿನವೂ ಓಡಾಡುವ ನಮ್ಮ ಬಸ್ಸಿನವರ ವಾಟ್ಸಾಪ್ ಗ್ರೂಪಿನ ಅಡ್ಮಿನ್ ವರ್ಗವಾಗಿ ಹೋದಾಗ, "ಮೇಡಂ ಓದ್ಕಂಡವ್ರೆ, ಅವ್ರೇ ಆಗ್ಲಿ" ಎಂದು ಎಲ್ಲರೂ ಆ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ನಾನು ತುಂಬಾ ಹೊತ್ತು ಬೇಡವೆಂದೆ ಎಂದು ನನ್ನ ನೆನಪು. ದಿನಚರಿಯಲ್ಲಿ ಮಾತ್ರ "ಒಪ್ಪಿಕೊಂಡೆ" ಎಂಬ ಒಂದೇ ಪದವಿದೆ. ನಾನು ಎರಡನ್ನೂ ಪೂರ್ತಿ ನಂಬುವುದಿಲ್ಲ.

ಬಸ್ ಎಲ್ಲಿ ಬಂತು, ಇವತ್ತು ಬರುತ್ತದೋ ಕೆಟ್ಟು ನಿಂತಿದೆಯೋ ಎಂದು ತಿಳಿಯಲು ಮಾಡಿಕೊಂಡ ಗ್ರೂಪು ಅದು. ಒರಟು ಮಾತಿಗೆ ನಮ್ಮಲ್ಲಿ ಬರವಿಲ್ಲ. ಗುಂಡ್ಲುಪೇಟೆಯಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಶಿವಮಲ್ಲಪ್ಪ, ಅದೇ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ರಿಯಾಜ್, ಇಬ್ಬರೂ ಬಸ್ ಹತ್ತಿದ ಕೂಡಲೇ ಶುರು. "ನೀನ್ ಒಲ್ದಿರ ಅಂಗಿ ಆಕ್ಕಂಡ್ ಅಂಗ್ಡೀಲಿ ಕುಂತ್ರೆ ಗಿರಾಕಿಗಳು ನನ್ನೇ ಗೊಬ್ಬರದ ಮೂಟೆ ಅನ್ಕತಾರೆ ಕಣ್ಲಾ" ಎಂದು ಅವರು. "ಅಂಗೀದೇನ್ ತಪ್ಪು ಸಾವ್ಕಾರ್ರೆ, ಒಳಗೆ ತುಂಬಿರದ ನೋಡ್ಕಳಿ" ಎಂದು ಇವನು. ಹೀಗೆ ತೆರಕಣಾಂಬಿವರೆಗೂ ನಡೆಯುತ್ತದೆ. ಶಿವಮಲ್ಲಪ್ಪನವರಿಗೆ ಸೀಟು ಸಿಕ್ಕಿ ರಿಯಾಜನಿಗೆ ಸಿಗದಿದ್ದರೆ, ಬೈಯುತ್ತಲೇ ಕೈ ಚಾಚಿ ಅವನ ಬ್ಯಾಗು ಇಸಿದುಕೊಂಡು ತೊಡೆಯ ಮೇಲಿಟ್ಟುಕೊಳ್ಳುತ್ತಾರೆ. ಕೂತವರು ನಿಂತವರ ಗಂಟುಮೂಟೆ ಹೊರಬೇಕೆಂಬುದು ನಮ್ಮ ಬಸ್ಸಿನ ಅಲಿಖಿತ ಕಾನೂನು.

ಒಂದು ಭಾನುವಾರ ಶಿವಮಲ್ಲಪ್ಪ ಗ್ರೂಪಿಗೆ ಒಂದು ಫಾರ್ವರ್ಡ್ ಹಾಕಿದರು. ಅದರಲ್ಲಿ ಒಂದೇ ಒಂದು ಬೈಗುಳವಿರಲಿಲ್ಲ. "ಸಹೃದಯ ಬಂಧುಗಳೇ" ಎಂದು ಶುರುವಾಗಿ, ಎರಡು ಕಡೆ "ದಯವಿಟ್ಟು" ಬಂದು, ಕೈಮುಗಿದ ಚಿತ್ರದಲ್ಲಿ ಮುಗಿದಿತ್ತು. ಅಚ್ಚುಕಟ್ಟಾದ ಕನ್ನಡ ಕಂಡು ನನಗೆ ಮೊದಲು ಸಂತೋಷವೇ ಆಯಿತು. ಆಮೇಲೆ ಅರ್ಥವಾಯಿತು. ಮುಸ್ಲಿಮರ ಅಂಗಡಿಗೆ ಕಾಲಿಡಬೇಡಿ, ಅವರ ಕೈಯಲ್ಲಿ ಬಟ್ಟೆ ಹೊಲಿಸಬೇಡಿ ಎಂದು ಅದು ವಿನಯದಿಂದ ಕೇಳಿಕೊಳ್ಳುತ್ತಿತ್ತು. ಕೊಟ್ಟ ಕಾರಣಗಳನ್ನು ಇಲ್ಲಿ ಬರೆಯಲಾರೆ.

ನಾನು ಅಡ್ಮಿನ್ನಳ ಗಾಂಭೀರ್ಯದಿಂದ, ಸಂವಿಧಾನದ ವಿಧಿಗಳ ಸಮೇತ ಒಂದು ದೀರ್ಘ ಟಿಪ್ಪಣಿ ಹಾಕಿದೆ. ಕೆಲವರು ಹೆಬ್ಬೆರಳು ಎತ್ತಿದರು. ಒಬ್ಬರು "ನಾಳೆ ಬಸ್ ಇದೆಯಾ?" ಎಂದು ಕೇಳಿದರು. ಸ್ವಲ್ಪ ಹೊತ್ತಿಗೆ ರಿಯಾಜ್ ನನಗೆ ಬೇರೆಯಾಗಿ ಬರೆದ: "ಮೇಡಂ, ನಾನು ಗ್ರೂಪ್ ಬಿಡ್ತೀನಿ. ಬೇರೆ ಬಸ್ಸಿಗೆ ಓಡಾಡ್ತೀನಿ." ನಮ್ಮ ಬಸ್ಸಿನ ಅರ್ಧ ಜನ ಮೈಮೇಲೆ ಹಾಕಿಕೊಂಡು ತಿರುಗುವುದು ಅವನು ಹೊಲಿದದ್ದನ್ನು. ಅವರ ಮುಖ ನೋಡಲಾರದೆ ಅವನೇ ಜಾಗ ಬಿಟ್ಟು ಹೋಗಬೇಕೇ? ನಾಳೆ ಒಂದು ದಿನ ನಮ್ಮ ಬಸ್ಸಿಗೇ ಬನ್ನಿ ಎಂದು ಬೇಡಿಕೊಂಡೆ. ಬಂದರೆ ಏನು ಮಾಡಬೇಕೆಂದು ನನಗೂ ಗೊತ್ತಿರಲಿಲ್ಲ.

ಸೋಮವಾರ ಬಸ್ಸು ತುಂಬಿತ್ತು. ರಿಯಾಜ್ ನಿಂತಿದ್ದ. ಶಿವಮಲ್ಲಪ್ಪ ಅಭ್ಯಾಸದಂತೆ ಕೈ ಚಾಚಿದರು. ರಿಯಾಜ್ ಬ್ಯಾಗು ಕೊಡಲಿಲ್ಲ. ಚಾಚಿದ ಕೈ ಹಾಗೇ ಗಾಳಿಯಲ್ಲಿತ್ತು.

"ಯಾಕ್ಲಾ?" ಎಂದರು.

ನಾನು ಕೂತಲ್ಲಿಂದಲೇ ಹೇಳಿದೆ: "ಶಿವಮಲ್ಲಪ್ಪನವರೇ, ನಿನ್ನೆ ಗ್ರೂಪಿಗೆ ಹಾಕಿದ್ದನ್ನ ಒಂದ್ಸಲ ಗಟ್ಟಿಯಾಗಿ ಓದಿ."

"ಅದು ಫಾರ್ವರ್ಡು ಮೇಡಂ, ನಾನ್ ಬರ್ದದ್ದಲ್ಲ."

"ಬರೆದವರು ಈ ಬಸ್ಸಲ್ಲಿಲ್ಲ. ನೀವಿದ್ದೀರಿ."

"ಏನ್ ಮೇಡಂ, ಮಾತಾಡಕ್ಕೆ ಸ್ವಾತಂತ್ರ್ಯ ಇಲ್ವಾ ನಮ್ಗೆ?"

"ಪೂರ್ತಿ ಇದೆ. ಅದಕ್ಕೇ ಓದಿ ಅಂದದ್ದು. ರಿಯಾಜ್ ಮುಖ ನೋಡ್ಕೊಂಡು ಓದಿ."

ಅವರು ಕನ್ನಡಕ ಹಾಕಿಕೊಂಡರು. "ಸಹೃದಯ ಬಂಧುಗಳೇ" ಎಂಬುದು ಚೆನ್ನಾಗಿಯೇ ಬಂತು. ಮುಂದಿನ ಸಾಲಿಗೆ ದನಿ ಇಳಿಯಿತು. ಸಂತೆಮರಹಳ್ಳಿಯಿಂದ ಬಂದು ನಮ್ಮ ಬಸ್ ಹಿಡಿಯುವ, ವೀಳ್ಯದೆಲೆ ಮಾರುವ ಪುಟ್ಟಮಾದಮ್ಮ, "ಗಟ್ಟಿಯಾಗ್ ಓದಣ್ಣ, ಎಂಜಿನ್ ಸದ್ದಲ್ಲಿ ಏನೂ ಕೇಳಾಕಿಲ್ಲ" ಎಂದಳು. ಶಿವಮಲ್ಲಪ್ಪ ಒಮ್ಮೆ ರಿಯಾಜನನ್ನು ನೋಡಿದರು, ಒಮ್ಮೆ ಫೋನ್ ನೋಡಿದರು. ಕನ್ನಡಕ ತೆಗೆದರು.

"ಬುಡು ರಿಯಾಜು. ಯಾರೋ ನೆಂಟ್ರು ಕಳ್ಸಿದ್ರು. ಓದ್ದೇನೇ ದಬ್ಬುಟ್ಟೆ."

"ಓದ್ದೇ ದಬ್ಬುದ್ರಾ, ಓದಿ ದಬ್ಬುದ್ರಾ?" ಎಂದ ರಿಯಾಜ್.

ಬಸ್ಸು ಒಂದು ಹಂಪ್ ಹಾರಿತು. "ಓದೇ ದಬ್ಬುದೆ ಕಣಪ್ಪ" ಎಂದರು ಶಿವಮಲ್ಲಪ್ಪ. "ತಪ್ಪಾಯ್ತು."

ಕಂಡಕ್ಟರ್ ನಮ್ಮನ್ನು ದಾಟಿ ಹಿಂದಿನ ಸೀಟುಗಳಿಗೆ ಹೋದ ಮೇಲೆ ರಿಯಾಜ್ ಬ್ಯಾಗನ್ನು ಅವರ ತೊಡೆಯ ಮೇಲೆ ಧೊಪ್ಪನೆ ಇಟ್ಟ. "ಇಡ್ಕಳಿ. ನಿಮ್ಮ ಮಗಳ ಮದ್ವೆ ಬ್ಲೌಸೇ ಒಳಗಿರದು. ಮುದುರ್ಬುಟ್ಟೀರಿ." ಹಿಂದಿನ ಸೀಟಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ತೆರಕಣಾಂಬಿ ಬರುವಷ್ಟರಲ್ಲಿ ಗೊಬ್ಬರದ ಮೂಟೆಯ ಮಾತು ಮತ್ತೆ ಶುರುವಾಗಿತ್ತು.

ಅವತ್ತೇ ಗ್ರೂಪಿನ ಕಾನೂನು ಬರೆದೆ, ಒಂದೇ ಸಾಲು: ಬಸ್ಸಿನಲ್ಲಿ, ಯಾರ ಬಗ್ಗೆಯೋ ಅವರೆದುರು, ಗಟ್ಟಿಯಾಗಿ ಓದಲಾಗದ್ದನ್ನು ಇಲ್ಲಿ ಹಾಕಬಾರದು. ಬೈಗುಳ ಎಷ್ಟು ಬೇಕಾದರೂ ಪಾಸಾಯಿತು, ವಿನಯದ ವಿಷ ಮಾತ್ರ ನಿಂತುಹೋಯಿತು. ಹರವೆಯ ಕಡೆಯ ಬಸ್ಸಿನವರೂ ನಮ್ಮ ಕಾನೂನನ್ನು ಎತ್ತಿಕೊಂಡರೆಂದು ಕೇಳಿ ನಾನು ಉಬ್ಬಿದೆ. ಉಬ್ಬಿ ಈ ಪ್ರಬಂಧ ಬರೆದೆ. ಬರೆದು ಗ್ರೂಪಿಗೂ ಹಾಕಿದೆ.

ಮಾರನೆಯ ದಿನ ಬಸ್ ಹತ್ತುತ್ತಿದ್ದಂತೆ ಶಿವಮಲ್ಲಪ್ಪ, "ಓದಿ ಮೇಡಂ" ಎಂದರು. ಓದಿದೆ. ಅವರ ಫಾರ್ವರ್ಡಿನ ಭಾಗ ಬಂದಾಗ ನನ್ನ ದನಿ ತಗ್ಗಿತು. "ಅದ್ ಇರ್ಲಿ, ನಿಜ ತಾನೆ" ಎಂದರು ಅವರು. ಮುಂದಕ್ಕೆ ಹೋದೆ: "ಆಗ ನಾನು ಎದ್ದು ನಿಂತೆ. ಇಡೀ ಬಸ್ಸು ಸ್ತಬ್ಧವಾಯಿತು."

"ಯಾವಾಗ್ ಎದ್ದು ನಿಂತ್ರಿ ಮೇಡಂ?" ಎಂದಳು ಪುಟ್ಟಮಾದಮ್ಮ. "ನಿಮ್ಮ ತೊಡೆ ಮೇಲೆ ನನ್ ಎಲೆ ಕುಕ್ಕೆ ಇತ್ತಲ್ಲ."

ಇಡೀ ಪ್ರಬಂಧದಲ್ಲಿ ಬಸ್ಸಿನವರು ಹೊಡೆದುಹಾಕಿಸಿದ್ದು ಆ ಎರಡು ವಾಕ್ಯಗಳನ್ನು ಮಾತ್ರ. ನಾನು ಅತ್ಯಂತ ಮುತುವರ್ಜಿಯಿಂದ ತಿದ್ದಿ ತಿದ್ದಿ ಬರೆದದ್ದೂ ಅವನ್ನೇ.