ಮೂರನೇ ಇಂಜೆಕ್ಟರ್

ಕಾಲುಚೀಲ ಕಳೆದುಹೋದರೆ ಯಾರೂ ಅದನ್ನು ಮನಸ್ಸಿಟ್ಟು ಹುಡುಕುವುದಿಲ್ಲ. ಮಂಚದ ಕೆಳಗೊಮ್ಮೆ ಬಗ್ಗಿ ನೋಡಿ, ಒಗೆಯುವ ಬಟ್ಟೆಯ ಬುಟ್ಟಿಯನ್ನೊಮ್ಮೆ ಕೆದಕಿ, 'ಹಾಳಾಗಿ ಹೋಗಲಿ' ಎಂದು ಬೇರೊಂದನ್ನು ಏರಿಸಿಕೊಂಡು ಹೊರಡುತ್ತಾರೆ. ಕನ್ನಡಕದಂಗಡಿಯವನೂ ಆ ಬೆಳಿಗ್ಗೆ ಅಷ್ಟೇ ಮಾಡಿದ. ಇನ್ನೊಂದು ಗಳಿಗೆ ಹುಡುಕಿದ್ದರೆ ಏನೆಲ್ಲ ಉಳಿಯುತ್ತಿತ್ತೋ! ಆದರೆ ಕಂಡವರ ಕಣ್ಣನ್ನೆಲ್ಲ ಪರೀಕ್ಷೆ ಮಾಡಿ ಕನ್ನಡಕ ಕೊಡುವ ಈ ಮನುಷ್ಯನಿಗೆ ತನ್ನ ಮೂಗಿನ ಕೆಳಗಿನದು ಕಂಡದ್ದು ಬಹಳ ಕಡಿಮೆ.

"ಅಕ್ಕಾ, ನೀನು ಹೆಣೆದುಕೊಟ್ಟ ಕಾಲುಚೀಲದಲ್ಲಿ ಬಲಗಾಲಿಂದು ಮಾತ್ರ ಇದೆ. ಎಡಗಾಲಿಂದು ಎಲ್ಲಿ?"

"ಕಾಲುಚೀಲಕ್ಕೆ ಎಡ ಬಲ ಯಾವಾಗ ಬಂತೋ? ಇಲ್ಲೇ ಎಲ್ಲೋ ಇರುತ್ತೆ, ನೋಡು," ಎಂದಳು ಅಕ್ಕ, ಚೀಲಕ್ಕೆ ಬಟ್ಟೆ ತುಂಬುತ್ತಿದ್ದವಳು ತಲೆ ಎತ್ತದೆ.

ಅವನು ಒಂದು ಕಾಲಿಗೆ ಅಕ್ಕನ ಬೂದು ಉಣ್ಣೆಯದು, ಇನ್ನೊಂದಕ್ಕೆ ತನ್ನ ಹಳೆಯ ಕಂದು ಬಣ್ಣದ್ದು ಹಾಕಿಕೊಂಡು ಕಾರಿನ ಕೀಲಿ ತೆಗೆದುಕೊಂಡ. ಆ ದಿನ ಸಂಜೆ ಅಕ್ಕನನ್ನು ರೈಲು ಹತ್ತಿಸಬೇಕಿತ್ತು, ಅದಕ್ಕೆ ಮುಂಚೆ ಕಾರನ್ನೊಮ್ಮೆ ಓಡಿಸಿ ನೋಡೋಣವೆಂದು.

ಅಕ್ಕ ಬಂದದ್ದು ಕಣ್ಣಿನ ಪೊರೆ ತೆಗೆಸುವುದಕ್ಕೆ. ಪೊರೆ ಹೋಗಿ, ಔಷಧಿಯ ಹನಿಗಳು ಮುಗಿದು, ಹೊಸ ಕನ್ನಡಕವೂ ಬಂದು ವಾರಗಳೇ ಕಳೆದಿದ್ದವು. ತಾಯಿ ಇಲ್ಲದ ಅವನನ್ನು ಕಂಕುಳಲ್ಲಿ ಎತ್ತಿಕೊಂಡು ಸಾಕಿದವಳು ಅವಳೇ. ಒಂಟಿ ಮನುಷ್ಯನ ಮನೆಗೆ ಅವಳು ಬಂದ ಮೇಲೆ ಸಂಜೆ ದೀಪ ಹಚ್ಚಿರುತ್ತಿತ್ತು, ಬಾಗಿಲು ತೆಗೆಯಲು ಒಳಗಿನಿಂದ ಯಾರೋ ಬರುತ್ತಿದ್ದರು. ಇದೆಲ್ಲ ಅವನಿಗೆ ಎಷ್ಟು ಹಿಡಿಸಿತ್ತೆಂದರೆ, ಬಾಯಿಬಿಟ್ಟು ಹೇಳಲು ನಾಚಿಕೆಯಾಗುವಷ್ಟು. ಒಂದು ರಾತ್ರಿ ಊಟಕ್ಕೆ ಕೂತಾಗ ಅಕ್ಕ, "ತಮ್ಮನ ಮನೇಲಿ ಎಷ್ಟು ದಿನ ಅಂತ ಇರೋದು?" ಎಂದಳು. ಅವಳಿಗೆ ತಾನಿರುವ ಮಗಳ ಮನೆಯ ನೆನಪಾಗಿದೆ ಎಂದುಕೊಂಡು ಈ ಬುದ್ಧಿವಂತ ಮಾರನೆಯ ದಿನವೇ ಟಿಕೆಟ್ ಮಾಡಿಸಿದ. ಅಕ್ಕ ಅದನ್ನು ನೋಡಿ ಕನ್ನಡಕ ಒರೆಸಿಕೊಂಡು, "ಕಿಟಕಿ ಪಕ್ಕದ ಸೀಟು. ಒಳ್ಳೇದಾಯ್ತು," ಎಂದಳು. ಅಂಗಡಿಯಲ್ಲಿ ಬಂದವರನ್ನೆಲ್ಲ 'ಇದು ಚೆನ್ನಾಗಿ ಕಾಣುತ್ತಾ, ಅದು ಕಾಣುತ್ತಾ' ಎಂದು ಹತ್ತು ಸಲ ಕೇಳುವವನು ಮನೆಯಲ್ಲಿ ಒಂದು ಸಲವೂ ಕೇಳಲಿಲ್ಲ.

ಒಂದು ಸಮಾಧಾನವಿತ್ತು. ಚಿಕ್ಕವನಿದ್ದಾಗ, ಶಾಲೆಗೆ ನಡೆದು ನಡೆದು ಕಾಲು ನೋಯುತ್ತಿದ್ದಾಗ, "ದೊಡ್ಡವನಾದ ಮೇಲೆ ನಿನ್ನನ್ನ ಕಾರಲ್ಲೇ ಕರ್ಕೊಂಡು ಹೋಗ್ತೀನಿ," ಎಂದು ಅಕ್ಕನಿಗೆ ಮಾತು ಕೊಟ್ಟಿದ್ದ. ಅವಳು ಬಂದ ದಿನ ಕಾರು ಗ್ಯಾರೇಜಿನಲ್ಲಿತ್ತು, ಬಸ್ಸಿನಲ್ಲಿ ಕರೆತಂದಿದ್ದ. ಹೋಗುವಾಗಲಾದರೂ ಮಹಾರಾಣಿಯ ಹಾಗೆ ಕಾರಿನಲ್ಲಿ ಕಳಿಸಬೇಕು. ಹಿಂದಿನ ದಿನ ಅದಕ್ಕೆಂದೇ ಆ ಹಳೆಯ ಟರ್ಬೊ ಡೀಸೆಲ್ ಕಾರನ್ನು ತೊಳೆದು ಒರೆಸಿ ನಿಲ್ಲಿಸಿದ್ದ.

ಕೀಲಿ ತಿರುಗಿಸಿದ. ಎಂಜಿನ್ ಸೊಗಸಾಗಿಯೇ ಚಾಲೂ ಆಯಿತು. ನಿಂತಲ್ಲಿ ನಿಂತು ಹೊಟ್ಟೆ ತುಂಬಿದ ಬೆಕ್ಕಿನ ಹಾಗೆ ಗುರುಗುಟ್ಟಿತು. ಆದರೆ ಆಕ್ಸಿಲರೇಟರ್ ಒತ್ತಿದ್ದೇ ತಡ, ಹಿಂದಿನಿಂದ ಬುಸ್ಸೆಂದು ಕಪ್ಪು ಹೊಗೆ ಎದ್ದು ಮೊದಲ ಮಹಡಿಯವರ ಒಗೆದ ಬಟ್ಟೆಯನ್ನು ಮುಚ್ಚಿತು. ಕಾರು ಮಾತ್ರ ಗೇಟಿನ ತನಕವೂ ಹೋಗಲಾರದೆ ಏದುಸಿರು ಬಿಟ್ಟಿತು.

ಮೆಟ್ಟಿಲ ಮೇಲೆ ನಿಂತಿದ್ದ ಅಕ್ಕ, "ನಿಮ್ಮ ಭಾವನ ಲಾರೀನೂ ಒಂದ್ಸಲ ಹೀಗೇ ಹೊಗೆ ಬಿಟ್ಟಿತ್ತು ಕಣೋ. ಆಗ ಏನಾಯ್ತು ಅಂದ್ರೆ..." ಎಂದು ಶುರು ಮಾಡಿದಳು.

"ಇಂಜೆಕ್ಟರ್!" ಎಂದು ಮೇಲಿನಿಂದ ಗುಡುಗು ಕೇಳಿತು.

ಅದು ಡಿಪೋ ಮಾಮ. ಬಸ್ ಡಿಪೋದಲ್ಲಿ ಮೇಲ್ವಿಚಾರಕರಾಗಿ ನಿವೃತ್ತರಾದವರು. ಈಗ ಅವರ ಕೈಗೆ ಬಸ್ಸುಗಳಿಲ್ಲ, ಹಾಗಾಗಿ ಕಟ್ಟಡದಲ್ಲಿ ಯಾರ ಮಿಕ್ಸಿ ಕೆಟ್ಟರೂ ಸ್ಪ್ಯಾನರ್ ಹಿಡಿದು ಇಳಿದು ಬರುತ್ತಾರೆ. ಇಂದಂತೂ ಮೂರು ಮಹಡಿಯನ್ನು ಹುಡುಗನ ಹಾಗೆ ಇಳಿದರು.

"ಕಪ್ಪು ಹೊಗೆ ಅಂದ್ರೆ ಏನು? ಡೀಸೆಲ್ ಹೆಚ್ಚು, ಗಾಳಿ ಕಡಿಮೆ. ಇಂಜೆಕ್ಟರ್ ಅಂದ್ರೆ ಡೀಸೆಲ್ ಸಿಂಪಡಿಸೋ ಪಿಚಕಾರಿ. ನಾಲ್ಕರಲ್ಲಿ ಒಂದು ಹಾಳಾಗಿ ಸುರಿಸ್ತಾ ಇದೆ. ತೆಗೀರಿ ಬಾನೆಟ್ಟು!"

"ಗಾಳೀನೇ ಕಡಿಮೆ ಇರಬಹುದಲ್ವಾ ಮಾಮ?" ಎಂದ ಕನ್ನಡಕದಂಗಡಿಯವನು.

ಡಿಪೋ ಮಾಮ ಗಾಳಿಯ ಫಿಲ್ಟರ್ ಡಬ್ಬಿ ಬಿಚ್ಚಿ ತೋರಿಸಿದರು. ಫಿಲ್ಟರ್ ಹೊಚ್ಚ ಹೊಸದು, ಹಾಲಿನಷ್ಟು ಬಿಳಿ. "ಇಷ್ಟು ಸ್ವಚ್ಛ ಇದೆ. ಗಾಳಿ ಸರಿ ಇದೆ," ಎಂದು ಮುಚ್ಚಳ ಹಾಕಿಬಿಟ್ಟರು. ಗಾಳಿಯ ಅಧ್ಯಾಯ ಅಲ್ಲಿಗೆ ಮುಗಿಯಿತು.

ಅಷ್ಟರಲ್ಲಿ ಕೆಳಮನೆಯ ಲೆಕ್ಚರರ್ ಬಂದ. ಅವನ ಹತ್ತಿರ ಒಂದು ಪುಟ್ಟ ಸ್ಕ್ಯಾನರ್ ಇತ್ತು. ಅದನ್ನು ಕಾರಿಗೆ ಸಿಕ್ಕಿಸಿದರೆ ಕಾಯಿಲೆ ಏನೆಂದು ಫೋನಿನಲ್ಲಿ ಬರುತ್ತದೆ. ಕೊಂಡ ಮೇಲೆ ಬಳಸುವ ಅವಕಾಶವೇ ಸಿಕ್ಕಿರಲಿಲ್ಲ, ಪಾಪ.

"ಟರ್ಬೊ ತಳ್ಳೋ ಗಾಳಿ ಒತ್ತಡ ಕಡಿಮೆ ಅಂತ ತೋರಿಸ್ತಿದೆ," ಎಂದ ಗಂಭೀರವಾಗಿ. ಆಮೇಲೆ ಕೆಳಗೆ ನೋಡಿ, "ಇದೇನು ಸಾರ್, ಕಾಲಿಗೊಂದು ಬಣ್ಣ? ಹೊಸ ಫ್ಯಾಷನ್ನಾ?"

"ಇನ್ನೊಂದು ಸಿಗಲಿಲ್ಲ."

"ಕಾಲುಚೀಲ ಬಿಡಿ, ಟರ್ಬೊ ಬಿಡಿ!" ಡಿಪೋ ಮಾಮ ರೇಗಿದರು. "ಇಂಜೆಕ್ಟರ್ ಸರಿ ಇಲ್ಲದಿದ್ರೆ ಟರ್ಬೊ ಏನು ಮಾಡುತ್ತೆ? ಬಾಟ್ಲಿ ತನ್ನಿ, ಈಗಲೇ ತೋರಿಸ್ತೀನಿ."

ಪರೀಕ್ಷೆ ಸರಳವಾದದ್ದು. ಪ್ರತಿ ಇಂಜೆಕ್ಟರಿನಿಂದಲೂ ಮಿಕ್ಕ ಡೀಸೆಲ್ ಒಂದು ಸಣ್ಣ ಪೈಪಿನಲ್ಲಿ ಹಿಂದಕ್ಕೆ ಹರಿಯುತ್ತದೆ. ನಾಲ್ಕು ಪೈಪಿಗೂ ಒಂದೊಂದು ಬಾಟ್ಲಿ ಕಟ್ಟಿ ಎಂಜಿನ್ ಓಡಿಸಿದರೆ, ಯಾವುದು ಬೇಗ ತುಂಬುತ್ತದೋ ಅದೇ ಕಳ್ಳ. ಲೆಕ್ಚರರ್ ಮನೆಯಿಂದ ಜಾಮ್‌ನ ಅಗಲವಾದ ಬಾಟ್ಲಿ ಮೂರು ಬಂದವು. ನಾಲ್ಕನೆಯದು ಸಿಗದೆ ಕನ್ನಡಕದಂಗಡಿಯವನು ತನ್ನ ಕೆಮ್ಮಿನ ಔಷಧಿಯ ಕಿರಿದಾದ ಬಾಟ್ಲಿ ತಂದುಕೊಟ್ಟ. ಅದನ್ನು ಮೂರನೇ ಪೈಪಿಗೆ ಕಟ್ಟಿದರು.

ಅಕ್ಕ ಎಲ್ಲರಿಗೂ ಕಾಫಿ ತಂದಳು. ಲೋಟ ಕೊಡುತ್ತಾ, "ಆವತ್ತು ನಿಮ್ಮ ಭಾವನೂ ಹೀಗೇ ಬೆಳಿಗ್ಗೆಯಿಂದ ಲಾರಿ ಬಿಚ್ಚಿದ್ರು. ಆಮೇಲೆ ನೋಡಿದ್ರೆ..." ಎಂದಳು.

"ಒಂದು ನಿಮಿಷ ಅಮ್ಮ, ರೀಡಿಂಗ್ ತಗೋಬೇಕು," ಎಂದ ಲೆಕ್ಚರರ್. ಅವನು ಮಗಳ ಕಂಪಾಸ್ ಪೆಟ್ಟಿಗೆಯಿಂದ ಸ್ಕೇಲ್ ತಂದಿದ್ದ. ಒಂದೊಂದೇ ಬಾಟ್ಲಿಯ ಪಕ್ಕ ಇಟ್ಟು ಡೀಸೆಲ್ ಎಷ್ಟು ಎತ್ತರಕ್ಕೆ ಬಂದಿದೆ ಎಂದು ಅಳೆದ. ಒಂದು, ಎರಡು, ನಾಲ್ಕು ತಳದಲ್ಲೇ ಇದ್ದವು. ಮೂರನೆಯದು ಕುತ್ತಿಗೆಯ ತನಕ ಬಂದಿತ್ತು.

"ಮೂರನೇ ಇಂಜೆಕ್ಟರ್!" ಎಂದು ಇಬ್ಬರೂ ಒಟ್ಟಿಗೆ ಕೂಗಿ ಕೈಕುಲುಕಿದರು. ಬೆಳಗಿನಿಂದ ಅವರಿಬ್ಬರಿಗೂ ಒಮ್ಮತವಾದದ್ದು ಅದೊಂದೇ ವಿಷಯದಲ್ಲಿ. ಬಾಟ್ಲಿಗಳು ಒಂದೇ ಅಳತೆಯವಲ್ಲ ಎನ್ನುವುದು ಯಾರಿಗೂ ಹೊಳೆಯಲಿಲ್ಲ. ಕಣ್ಣಿನ ತಜ್ಞನಂತೂ ಪಕ್ಕದಲ್ಲೇ ನಿಂತು ತಲೆಯಾಡಿಸುತ್ತಿದ್ದ.

ಫೋನ್ ಮಾಡಿದ್ದಕ್ಕೆ ಗುಜರಿ ಅಣ್ಣ ತನ್ನ ಟೆಂಪೋದಲ್ಲಿ ಬಂದ. ಒಡೆದ ಕಾರುಗಳನ್ನು ಬಿಚ್ಚಿ ಮಾರುವವನು. ಅವನ ಹತ್ತಿರ ಅದೇ ಮಾದರಿಯ ಇಂಜೆಕ್ಟರ್ ಇತ್ತು.

"ಚೆನ್ನಾಗಿದೆಯೇನಣ್ಣ?"

"ತೆಗೆದಾಗ ಚೆನ್ನಾಗೇ ಇತ್ತು ಸಾರ್," ಎಂದ ಅವನು. ಯಾವಾಗ ತೆಗೆದದ್ದು ಎಂದು ಯಾರೂ ಕೇಳಲಿಲ್ಲ. "ಹಳೇದು ನನಗೆ ಕೊಟ್ಟುಬಿಡಿ, ಲೆಕ್ಕ ಚುಕ್ತಾ."

ಮೂರನೇ ಇಂಜೆಕ್ಟರ್ ಮಾತ್ರ ಜಾಗ ಬಿಟ್ಟು ಕದಲಲೊಲ್ಲದು. ಎಳೆದರು, ಎಣ್ಣೆ ಬಿಟ್ಟರು, ತಟ್ಟಿದರು, ಬೈದರು. ಕನ್ನಡಕದಂಗಡಿಯವನ ಅಂಗಿ ಮಸಿ ಬಟ್ಟೆಯಾಯಿತು. ಹೊತ್ತು ಇಳಿಯುತ್ತಿತ್ತು. ಟ್ಯಾಕ್ಸಿ ಕರೆಯಬಹುದಿತ್ತು. ಕರೆದರೆ ಕೊಟ್ಟ ಮಾತು ಹೋಗುತ್ತಿತ್ತು.

ಅಕ್ಕ ಹತ್ತಿರ ಬಂದು ಅವನ ಭುಜ ಮುಟ್ಟಿದಳು. "ಸಾಕು ಬಿಡೋ. ಇವತ್ತು ಆಗದಿದ್ರೆ ಆಗಲಿಲ್ಲ. ನಿಮ್ಮ ಭಾವನ ಲಾರಿ ವಿಷಯ ಹೇಳ್ತೀನಿ ಕೇಳು, ಆವತ್ತು..."

"ಅಕ್ಕಾ, ಅದು ಓಬೀರಾಯನ ಕಾಲದ ಲಾರಿ! ಇದು ಟರ್ಬೊ! ಸ್ವಲ್ಪ ಸುಮ್ನೆ ಕೂತ್ಕೋತೀಯಾ?" ಎಂದು ಸಿಡುಕಿದ ಅವನು. ಮರುಕ್ಷಣವೇ ಬೇಸರವಾಗಿ ಸಮಾಧಾನ ಮಾಡಲು ಹೋದ. "ನೀನೇನೂ ಯೋಚನೆ ಮಾಡ್ಬೇಡ. ಏನೇ ಆಗಲಿ, ಇವತ್ತು ನಿನ್ನ ಕಳಿಸೇ ತೀರ್ತೀನಿ."

ಅಕ್ಕ ಅವನ ಭುಜದಿಂದ ಕೈ ತೆಗೆದಳು. "ಸರಿನಪ್ಪ," ಎಂದು ಒಳಗೆ ಹೋಗಿ ಚೀಲ ತಂದು ಮೆಟ್ಟಿಲ ಮೇಲಿಟ್ಟುಕೊಂಡು ಕೂತಳು. ಆಮೇಲೆ ಲಾರಿಯ ಸುದ್ದಿ ಎತ್ತಲಿಲ್ಲ.

ಕೊನೆಗೂ ಹಳೆಯದು ಬಂತು, ಹೊಸದು ಕೂತಿತು. ಕೀಲಿ ತಿರುಗಿಸಿದರೆ ಅದೇ ಕಪ್ಪು ಹೊಗೆ, ಸಾಲದ್ದಕ್ಕೆ ಮೂರನೇ ಪೈಪಿನ ಬುಡದಿಂದ ಡೀಸೆಲ್ ಚಿಮ್ಮತೊಡಗಿತು. ಕನ್ನಡಕದಂಗಡಿಯವನು ಹೆಬ್ಬೆರಳಿನಿಂದ ಅದರ ಬಾಯಿ ಮುಚ್ಚಿ ಹಿಡಿದ.

ಗುಜರಿ ಅಣ್ಣ ಗಡಿಯಾರ ನೋಡಿದ. "ಅಮ್ಮನಿಗೆ ರೈಲು ತಪ್ಪುತ್ತೆ ಸಾರ್. ನಾನು ಸ್ಟೇಷನ್ ಕಡೆನೇ ಹೋಗ್ತಿದ್ದೀನಿ, ಬಿಟ್ಟುಬಿಡ್ತೀನಿ. ಮುಂದೆ ಒಬ್ಬರಿಗೆ ಜಾಗ ಇದೆ."

"ನಾನು ಹಿಂದುಗಡೆ ಹತ್ಕೋತೀನಿ," ಎಂದು ಇವನು ಹೊರಟ.

"ರೀ, ಬೆರಳು ತೆಗೀಬೇಡಿ! ಡೀಸೆಲ್ ಎಲ್ಲ ನೆಲಕ್ಕೆ ಹೋಗುತ್ತೆ. ನಾನಿನ್ನೂ ನಟ್ಟು ಬಿಗಿ ಮಾಡಿಲ್ಲ!" ಎಂದು ಡಿಪೋ ಮಾಮ ಕಿರುಚಿದರು.

"ಇರಲಿ ಬಿಡೋ, ನೀನು ನಿನ್ನ ಗಾಡಿ ನೋಡ್ಕೋ," ಎಂದಳು ಅಕ್ಕ. ಮಸಿಯಾಗದ ಜಾಗ ಹುಡುಕಿ ಅವನ ತಲೆ ಸವರಿದಳು. "ಇದ್ದುಬಿಡು ಅಕ್ಕ" ಎನ್ನುವ ಮಾತು ಅವನ ಗಂಟಲಿನ ತನಕ ಬಂತು. ಇಷ್ಟು ಜನರ ಮುಂದೆ, ಒಂದು ಬೆರಳನ್ನು ಪೈಪಿನಲ್ಲಿಟ್ಟುಕೊಂಡು ಹೇಳುವ ಮಾತೇ ಅದು? "ಹುಷಾರು," ಎಂದಷ್ಟೇ ಹೇಳಿದ.

ಮಹಾರಾಣಿಯ ಹಾಗೆ ಹೋಗಬೇಕಾಗಿದ್ದ ಅಕ್ಕ ಗುಜರಿ ಟೆಂಪೋದಲ್ಲಿ, ತುಕ್ಕು ಹಿಡಿದ ಬಾಗಿಲುಗಳ ಮುಂದೆ ಕೂತು ಹೋದಳು. ಅವಳ ಕಾಲ ಬಳಿ ಹಳೆಯ ಮೂರನೇ ಇಂಜೆಕ್ಟರೂ ಹೋಯಿತು.

ನಟ್ಟು ಬಿಗಿ ಮಾಡುವಾಗ ಡಿಪೋ ಮಾಮನ ಸ್ಪ್ಯಾನರ್ ಜಾರಿ ಮುಂದಿನ ದೀಪದ ಹಿಂದೆ ಬಿತ್ತು. ಕನ್ನಡಕದಂಗಡಿಯವನು ಟಾರ್ಚ್ ಹಿಡಿದು ಬಗ್ಗಿದ. ಅಲ್ಲಿ, ಫಿಲ್ಟರಿಗೂ ಮುಂಚೆ, ಎಂಜಿನ್ ಹೊರಗಿನ ಗಾಳಿ ಎಳೆದುಕೊಳ್ಳುವ ಪೈಪಿನ ಬಾಯಲ್ಲಿ, ಏನೋ ಬೂದು ಬಣ್ಣದ್ದು ಕಂಡಿತು. ಎಳೆದ. ಉದ್ದಕ್ಕೆ ಬಂತು. ಹಿಮ್ಮಡಿ ಬಂತು, ಆಮೇಲೆ ಬೆರಳಿನ ಭಾಗ ಬಂತು.

ಎಡಗಾಲಿನ ಕಾಲುಚೀಲ.

ಇಲಿ ಎಳೆದುಕೊಂಡು ಹೋಯಿತೇ? ಇಲಿ ಹೀಗೆ ನೀಟಾಗಿ ಸುರುಳಿ ಸುತ್ತಿ ತುರುಕುವುದಿಲ್ಲ. ಅವನು ಕಾರಿನಲ್ಲಿ ಕೂತು ಕೀಲಿ ತಿರುಗಿಸಿದ. ಆಕ್ಸಿಲರೇಟರ್ ಒತ್ತಿದ. ಹೊಗೆಯ ಸುಳಿವಿಲ್ಲ! ಆದರೆ ಬೆಳಿಗ್ಗೆ ಬೆಕ್ಕಿನ ಹಾಗಿದ್ದ ಎಂಜಿನ್ ಈಗ ಚಳಿಜ್ವರ ಬಂದವರ ಹಾಗೆ ಗಡಗಡ ನಡುಗಿ, ಕುಂಟಿ, ಕೆಮ್ಮಿ, ನಿಂತುಹೋಯಿತು. ಇನ್ನೊಮ್ಮೆ ಚಾಲೂ ಮಾಡಿದ. ಇನ್ನೊಮ್ಮೆ ನಿಂತಿತು.

ಡಿಪೋ ಮಾಮ ಕಿವಿಗೊಟ್ಟು ಕೇಳಿ, ಎದೆಯುಬ್ಬಿಸಿ ಹೇಳಿದರು: "ನೋಡಿದ್ರಾ? ಮೂರನೇ ಇಂಜೆಕ್ಟರ್ ಕೆಲಸ ಮಾಡ್ತಿಲ್ಲ. ನಾನು ಬೆಳಿಗ್ಗೆಯಿಂದ ಇದನ್ನೇ ತಾನೆ ಹೇಳ್ತಿರೋದು!"

ಕಟ್ಟೆಯ ಮೇಲೆ ನಾಲ್ಕು ಬಾಟ್ಲಿಗಳು ಸಾಲಾಗಿ ನಿಂತಿದ್ದವು. ಮೂರು ದಪ್ಪ, ಒಂದು ಸಣಕಲು. ಕನ್ನಡಕದಂಗಡಿಯವನು ಈಗ ಅವನ್ನು ಸರಿಯಾಗಿ ನೋಡಿದ. ನೋಡಿ ಫೋನ್ ತೆಗೆದ.

"ಅಕ್ಕಾ, ಕಾಲುಚೀಲ ಸಿಕ್ತು."

ಆ ಕಡೆ ಓಡುವ ರೈಲಿನ ಸದ್ದು ಕೇಳುತ್ತಿತ್ತು.

"ಈಗ ಸಿಕ್ತಾ?" ಎಂದಳು ಅಕ್ಕ. "ನಿಮ್ಮ ಭಾವನ ಲಾರಿ ವಿಷಯ ಈಗಲಾದ್ರೂ ಹೇಳ್ಲಾ?"

"ಹೇಳಕ್ಕ."

"ಮದುವೆಯಾದ ಹೊಸದು. ಅವರು ಲೋಡು ತಗೊಂಡು ಹೋದ್ರೆ ತಿಂಗಳುಗಟ್ಟಲೆ ಬರ್ತಿರಲಿಲ್ಲ. ಹೋಗ್ಬೇಡಿ ಅನ್ನೋಕೆ ನಂಗೆ ನಾಚಿಕೆ. ಒಂದಿನ ಹೊರಡೋಕೆ ಮುಂಚೆ ಲಾರಿ ಗಾಳಿ ಎಳ್ಕೊಳ್ಳೋ ಬಾಯಿಗೆ ಒಂದು ಟವೆಲ್ ತುರುಕಿದೆ. ಬರೀ ಹೊಗೆ, ಗಾಡಿ ಕದಲಲೇ ಇಲ್ಲ. ಬಿಚ್ಚಿ ಬಿಚ್ಚಿ ಮಧ್ಯಾಹ್ನ ಅವರಿಗೆ ಆ ಟವೆಲ್ ಸಿಕ್ತು. ಮಡಿಚಿ ಜೇಬಲ್ಲಿ ಇಟ್ಕೊಂಡ್ರು. ಮಾಲೀಕರಿಗೆ, ಗಾಡಿಗೆ ದೊಡ್ಡ ರಿಪೇರಿ ಇದೆ ಅಂತ ಹೇಳಿ ಕಳಿಸಿ ಮನೇಲೇ ಉಳಿದ್ರು. ಯಾಕೆ ಹೀಗೆ ಮಾಡಿದೆ ಅಂತ ನನ್ನ ಒಂದು ಮಾತೂ ಕೇಳಲಿಲ್ಲ."

ಅವನು ಕೈಯಲ್ಲಿದ್ದ ಕಾಲುಚೀಲವನ್ನು ತಿರುಗಿಸಿ ನೋಡಿದ.

"ಈ ಕಥೆ ಕೇಳಿದ್ರೆ ನೀನೂ ಅರ್ಥ ಮಾಡ್ಕೋತೀಯ ಅಂತ ನೋಡಿದೆ. ನೀನು ಕಳಿಸೇ ತೀರ್ತೀನಿ ಅಂದೆ."

"ನಿನಗೇ ಹೋಗ್ಬೇಕು ಅನ್ನಿಸಿದೆ ಅಂದ್ಕೊಂಡೆ ಅಕ್ಕ."

"ನಿನಗೆ ಕಳಿಸ್ಬೇಕು ಅನ್ನಿಸಿದೆ ಅಂದ್ಕೊಂಡೆ ನಾನು."

"ಮುಂದಿನ ಸ್ಟೇಷನ್‌ನಲ್ಲಿ ಇಳಿದುಬಿಡು ಅಕ್ಕ. ಈಗಲೇ ಹೊರಟೆ. ಬಂದು ಕರ್ಕೊಂಡು ಬರ್ತೀನಿ."

ಅಕ್ಕ ನಕ್ಕಳೋ ಅತ್ತಳೋ, ರೈಲಿನ ಸದ್ದಿನಲ್ಲಿ ತಿಳಿಯಲಿಲ್ಲ.

"ಯಾವುದರಲ್ಲಿ ಬರ್ತೀಯೋ?" ಎಂದಳು.

ಅವನು ಕಾರಿನ ಕಡೆ ನೋಡಿದ. ಅದರ ಕೆಳಗೆ ಡೀಸೆಲ್ಲಿನ ಮಡು ನಿಂತಿತ್ತು. ಉತ್ತರ ಹುಡುಕುವುದರೊಳಗೆ, "ಸಿಗ್ನಲ್ ಹೋಗ್ತಿದೆ ಕಣೋ. ಅದನ್ನ ಒಗೆದು ಹಾಕ್ಕೋ," ಎನ್ನುವುದು ಕೇಳಿ ಫೋನ್ ಕಟ್ಟಾಯಿತು.

ಒಗೆಯುವಷ್ಟು ತಾಳ್ಮೆ ಅವನಿಗಿರಲಿಲ್ಲ. ಅಕ್ಕ ಕೂತಿದ್ದ ಮೆಟ್ಟಿಲ ಮೇಲೇ ಕೂತು, ಕಂದು ಬಣ್ಣದ್ದನ್ನು ಕಿತ್ತು ಬಿಸಾಕಿ, ಧೂಳು ಮೆತ್ತಿದ ಆ ಕಾಲುಚೀಲವನ್ನು ಎಡಗಾಲಿಗೆ ಏರಿಸಿಕೊಂಡ. ಅಂಗಳದಲ್ಲಿ ಡಿಪೋ ಮಾಮ ಮತ್ತೆ ಪೈಪುಗಳಿಗೆ ಬಾಟ್ಲಿ ಕಟ್ಟುತ್ತಿದ್ದರು, ಲೆಕ್ಚರರ್ ಸ್ಕೇಲ್ ಒರೆಸುತ್ತಿದ್ದ.